ಗಾವೊಬು 2014: ಶೂ ಹೊಲಿದವರ ಪಿಂಚಣಿ ಲೆಕ್ಕ

ಸಂಬಳದ ಚೀಟಿಯನ್ನು ಒಮ್ಮೆ ಸರಿಯಾಗಿ ಓದಿದ ಯಾರಿಗಾದರೂ ಈ ಲೆಕ್ಕ ಗೊತ್ತಿರುತ್ತದೆ. ಬೇಸಿಕ್ ಕಡಿಮೆ ತೋರಿಸುತ್ತಾರೆ. ಉಳಿದದ್ದೆಲ್ಲ ಅಲೋವೆನ್ಸ್, ಓಟಿ ಅಂತ ಬೇರೆ ಬೇರೆ ಸಾಲಿನಲ್ಲಿ ಬರುತ್ತದೆ. ಕೈಗೆ ಸಿಗುವ ದುಡ್ಡು ಪರವಾಗಿಲ್ಲ ಅನಿಸುತ್ತದೆ. ಆದರೆ ಪಿಎಫ್ ಕಟ್ಟುವಾಗ ಆ ಚಿಕ್ಕ ಬೇಸಿಕ್ ಮೊತ್ತವನ್ನೇ ಹಿಡಿಯುತ್ತಾರೆ. ಕಡಿಮೆ ಬಿದ್ದಿದ್ದು ಗೊತ್ತಾಗುವುದು ಕೆಲಸ ಬಿಟ್ಟಾಗ, ಇಲ್ಲವೇ ವಯಸ್ಸಾದಾಗ.

2014ರ ಏಪ್ರಿಲ್‌ನಲ್ಲಿ ದಕ್ಷಿಣ ಚೀನಾದ ಗಾವೊಬು ಎಂಬ ಊರಿನಲ್ಲಿ ಸುಮಾರು 40,000 ಕೆಲಸಗಾರರು ಇದೇ ಲೆಕ್ಕಕ್ಕಾಗಿ ಕೆಲಸ ನಿಲ್ಲಿಸಿದರು. ಅವರು ಮಾಡುತ್ತಿದ್ದುದು ಅಡಿಡಾಸ್, ನೈಕಿ, ಪ್ಯೂಮಾ, ಟಿಂಬರ್‌ಲ್ಯಾಂಡ್ ಶೂಗಳನ್ನು. ಚೀನಾದಲ್ಲಿ ಎಷ್ಟೋ ದಶಕಗಳಲ್ಲಿ ಒಂದೇ ಕಾರ್ಖಾನೆಯಲ್ಲಿ ನಡೆದ ಅತಿ ದೊಡ್ಡ ಮುಷ್ಕರಗಳಲ್ಲಿ ಇದೂ ಒಂದು. ಎರಡು ವಾರ ನಡೆಯಿತು. ಕೆಲಸಗಾರರು ಒಂದಷ್ಟು ಗೆದ್ದರು, ಒಂದಷ್ಟು ಸೋತರು. ಈ ಪ್ರಕರಣವನ್ನು ನಾನು ಮತ್ತೆ ಮತ್ತೆ ನೆನಪಿಸಿಕೊಳ್ಳುವುದಕ್ಕೆ ಒಂದು ಕಾರಣ ಇದೆ. ಜರ್ಮನಿಯ ಅಂಗಡಿಯಲ್ಲಿ ಮಾರಾಟವಾಗುವ ಒಂದು ಜೊತೆ ಶೂಗೂ, ಅದನ್ನು ಹೊಲಿದವಳ ಮುಪ್ಪಿಗೂ ಏನು ಸಂಬಂಧ ಅನ್ನುವುದು ಇಲ್ಲಿ ಕಂಡಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣುವುದಿಲ್ಲ.

ಮೊದಲು ಊರು, ಕಂಪನಿ. ಗಾವೊಬು ಇರುವುದು ಗುವಾಂಗ್‌ಡಾಂಗ್ ಪ್ರಾಂತ್ಯದ ಡಾಂಗ್‌ಗುವಾನ್ ನಗರದಲ್ಲಿ. ಹಾಂಗ್‌ಕಾಂಗ್‌ನಿಂದ ತುಂಬಾ ದೂರವೇನಲ್ಲ. ಕಾರ್ಖಾನೆ ಯೂ ಯುವೆನ್ ಕಂಪನಿಯದು. ಅದು ತೈವಾನ್‌ನ ಪೌ ಚೆನ್ ಸಮೂಹಕ್ಕೆ ಸೇರಿದ್ದು, ಹಾಂಗ್‌ಕಾಂಗ್ ಷೇರುಪೇಟೆಯಲ್ಲಿದೆ. ಕ್ರೀಡಾ ಶೂ ಮಾಡುವುದರಲ್ಲಿ ಜಗತ್ತಿಗೇ ದೊಡ್ಡದು. ವರ್ಷಕ್ಕೆ 30 ಕೋಟಿ ಜೊತೆಗೂ ಜಾಸ್ತಿ ಶೂ ಮಾಡುತ್ತಿದ್ದ ಕಂಪನಿ. ಆದರೂ ಅದರ ಹೆಸರು ಯಾವ ಶೂ ಮೇಲೂ ಇರುವುದಿಲ್ಲ. ಶೂನ ನಾಲಿಗೆ ಎತ್ತಿ ಒಳಗಿನ ಲೇಬಲ್ ನೋಡಿದರೆ ಸೈಜು ಸಿಗುತ್ತದೆ, ದೇಶದ ಹೆಸರು ಸಿಗುತ್ತದೆ. ಅಲ್ಲಿಗೆ ಮುಗಿಯಿತು.

ಈ ಕೊಂಡಿಯ ಇನ್ನೊಂದು ತುದಿ ಹೆರ್ಟ್ಸೊಗೆನ್‌ಔರಾಖ್. ಜರ್ಮನಿಯ ಬವೇರಿಯಾದಲ್ಲಿ, ನ್ಯೂರೆಂಬರ್ಗ್ ಹತ್ತಿರದ ಚಿಕ್ಕ ಊರು. ಡಾಸ್ಲರ್ ಅಣ್ಣತಮ್ಮಂದಿರು ಜಗಳವಾಡಿ ಬೇರೆಯಾದಾಗ ಒಬ್ಬರು ಪ್ಯೂಮಾ ಕಟ್ಟಿದರು, ಇನ್ನೊಬ್ಬರು ಅಡಿಡಾಸ್ ಕಟ್ಟಿದರು. ಎರಡರ ಕೇಂದ್ರ ಕಚೇರಿಗಳೂ ಇವತ್ತಿಗೂ ಅದೇ ಊರಿನಲ್ಲಿವೆ. ಎರಡಕ್ಕೂ ಶೂ ಹೊಲಿದು ಕಳಿಸಿದ್ದು ಮಾತ್ರ ಒಂದೇ ಯೂ ಯುವೆನ್.

ಈಗ ಲೆಕ್ಕಕ್ಕೆ ಬರೋಣ. ಚೀನಾದಲ್ಲಿ ಸಾಮಾಜಿಕ ವಿಮೆ ಕಾನೂನು ಜಾರಿಗೆ ಬಂದಿದ್ದು 2011ರ ಜುಲೈ 1ರಂದು. ಪಿಂಚಣಿ, ಆಸ್ಪತ್ರೆ ಖರ್ಚು, ಕೆಲಸದಲ್ಲಿ ಗಾಯ, ನಿರುದ್ಯೋಗ, ಹೆರಿಗೆ ಎಲ್ಲವೂ ಅದರಲ್ಲಿ ಬರುತ್ತವೆ. ಇದರ ಜೊತೆಗೆ ಮನೆ ನಿಧಿ, ಅಂದರೆ ಮನೆ ಮಾಡಿಕೊಳ್ಳಲು ಕೂಡಿಡುವ ದುಡ್ಡು, ಅಂತ ಬೇರೆ ಇದೆ. ಅದಕ್ಕೆ ಮಾಲೀಕರೂ ಕೆಲಸಗಾರರೂ ಇಬ್ಬರೂ ಕಟ್ಟಬೇಕು. ಪಿಂಚಣಿಗೆ ಕೆಲಸಗಾರರ ಪಾಲು ಸಂಬಳದ ಶೇ 8. ಸಂಬಳ ಅಂದರೆ ನಿಜವಾಗಿ ಸಿಗುವ ಪೂರ್ತಿ ಸಂಬಳ, ಓಟಿ ಸೇರಿ. ಗಾವೊಬುವಿನಲ್ಲಿ ಲೆಕ್ಕ ತಪ್ಪಿದ್ದು ಇಲ್ಲೇ. ಕಂಪನಿ ಪೂರ್ತಿ ಸಂಬಳದ ಮೇಲೆ ಕಟ್ಟುತ್ತಿರಲಿಲ್ಲ, ಮೂಲ ಸಂಬಳ ಹಿಡಿದು ಕಟ್ಟುತ್ತಿತ್ತು.

ಒಂದು ಉದಾಹರಣೆ ಹಾಕಿ ನೋಡೋಣ. ಆಗ ಡಾಂಗ್‌ಗುವಾನ್‌ನಲ್ಲಿ ಕನಿಷ್ಠ ಸಂಬಳ ತಿಂಗಳಿಗೆ 1,310 ಯುವಾನ್. ಓಟಿ ಎಲ್ಲ ಸೇರಿ ಒಬ್ಬಳ ಕೈಗೆ 3,000 ಬರುತ್ತಿತ್ತು ಅಂದುಕೊಳ್ಳಿ. ನ್ಯಾಯವಾಗಿ ಅವಳ ಪಿಂಚಣಿ ಖಾತೆಗೆ ಅವಳ ಪಾಲಾಗಿ 240 ಯುವಾನ್ ಹೋಗಬೇಕು. ಕನಿಷ್ಠ ಸಂಬಳ ಹಿಡಿದರೆ ಹೋಗುವುದು 105ರಷ್ಟು ಮಾತ್ರ. ಉಳಿದ 135 ಅವಳ ಕೈಯಲ್ಲೇ ಉಳಿಯುತ್ತದೆ. ತಿಂಗಳ ಕೊನೆಗೆ ಅದು ಲಾಭದ ಹಾಗೆ ಕಾಣುತ್ತದೆ. ಊರಿಗೆ ದುಡ್ಡು ಕಳಿಸಬೇಕಾದವಳಿಗೆ 135 ಸಣ್ಣ ಮೊತ್ತವಲ್ಲ. ಆದರೆ ಮಾಲೀಕರ ಪಾಲು ಕೆಲಸಗಾರರದ್ದಕ್ಕಿಂತ ಜಾಸ್ತಿ. ಅವರಿಗೆ ಉಳಿಯುವುದು ಇದಕ್ಕಿಂತ ಜಾಸ್ತಿ. ಅದನ್ನು 40,000 ಜನರಿಂದ ಗುಣಿಸಿ. ಹನ್ನೆರಡು ತಿಂಗಳಿಂದ ಗುಣಿಸಿ. ವರ್ಷಗಟ್ಟಲೆ ಕೂಡುತ್ತಾ ಹೋಗಿ.

ಹಾಗಾದರೆ ಇಷ್ಟು ವರ್ಷ ಯಾಕೆ ಯಾರೂ ಕೇಳಲಿಲ್ಲ? ಇಲ್ಲಿ ವಯಸ್ಸಿನ ವಿಷಯ ಬರುತ್ತದೆ. 1990ರ ದಶಕದಲ್ಲಿ ಗುವಾಂಗ್‌ಡಾಂಗ್‌ಗೆ ಬಂದವರು ಹದಿನೆಂಟು, ಇಪ್ಪತ್ತರ ಹಳ್ಳಿ ಹುಡುಗಿಯರು. ನಾಲ್ಕು ವರ್ಷ ದುಡಿದು ಊರಿಗೆ ವಾಪಸ್ ಹೋಗುತ್ತೇನೆ ಅಂತ ಬಂದವರು. ಸರ್ಕಾರಿ ಸವಲತ್ತುಗಳನ್ನು ಊರಿಗೆ ಕಟ್ಟಿಹಾಕುವ ಅವರ ಮನೆ ನೋಂದಣಿ, ಅಂದರೆ ಹುಕೌ, ಇದ್ದಿದ್ದು ಹಳ್ಳಿಯಲ್ಲಿ. ಪಟ್ಟಣದ ಪಿಂಚಣಿ ತಮಗೆ ಸಿಗುತ್ತದೆ ಅಂತ ಅವರಲ್ಲಿ ಎಷ್ಟೋ ಜನ ನಂಬಿಯೇ ಇರಲಿಲ್ಲ. ನಂಬದೇ ಇರುವುದಕ್ಕೆ ಕಾರಣವೂ ಇತ್ತು. ಆದರೆ ನಾಲ್ಕು ವರ್ಷ ಹದಿನೈದಾಯಿತು, ಹದಿನೆಂಟಾಯಿತು. ಮದುವೆ, ಮಕ್ಕಳು ಎಲ್ಲ ಆಗಿಹೋಯಿತು. ಕಾರ್ಖಾನೆಯ ಹೆಣ್ಣುಮಕ್ಕಳಿಗೆ ಆಗ ನಿವೃತ್ತಿ ವಯಸ್ಸು 50. ಪಿಂಚಣಿ ಸಿಗಬೇಕಾದರೆ ಕನಿಷ್ಠ 15 ವರ್ಷ ಕಟ್ಟಿರಬೇಕು. 2014ರ ಹೊತ್ತಿಗೆ ನಲವತ್ತು ದಾಟಿದವರಿಗೆ ಪಿಂಚಣಿ ದೂರದ ಮಾತಾಗಿ ಉಳಿದಿರಲಿಲ್ಲ. ಖಾತೆ ತೆಗೆದು ನೋಡಿದರು. ಲೆಕ್ಕ ಕೂಡಲಿಲ್ಲ. ಒಬ್ಬರು ಇನ್ನೊಬ್ಬರಿಗೆ ಹೇಳಿದರು. ಮೊಬೈಲ್ ಗುಂಪುಗಳಲ್ಲಿ ಸುದ್ದಿ ಹರಡಿತು.

ಏಪ್ರಿಲ್ 5ರಂದು ನೂರಾರು ಕೆಲಸಗಾರರು ಹೊರಬಂದು ಊರಿನ ಸೇತುವೆಯ ಮೇಲೆ ನಿಂತು ದಾರಿ ತಡೆದರು. ನೋಡುತ್ತೇವೆ, ಉತ್ತರ ಕೊಡುತ್ತೇವೆ ಅಂತ ಕಂಪನಿ ಹೇಳಿತು. ಬಂದ ಉತ್ತರದಲ್ಲಿ ತಿರುಳಿರಲಿಲ್ಲ. ಏಪ್ರಿಲ್ 14ಕ್ಕೆ ಇಡೀ ಕಾರ್ಖಾನೆ ನಿಂತಿತು. ಪೊಲೀಸರು ಲಾಠಿ, ಶೀಲ್ಡ್ ಹಿಡಿದು ಬೀದಿ ಬೀದಿಯಲ್ಲಿ ನಿಂತರು. ಮೆರವಣಿಗೆ ಹೊರಟವರನ್ನು ತಡೆದರು, ಕೆಲವರನ್ನು ಹಿಡಿದುಕೊಂಡು ಹೋದರು.

ಆಮೇಲೆ ಮುಷ್ಕರ ಬೇರೆ ರೂಪ ತಾಳಿತು. ನನ್ನ ಮನಸ್ಸಿನಲ್ಲಿ ಉಳಿದಿರುವುದು ಅದೇ. ಬೆಳಿಗ್ಗೆ ಗೇಟಿನ ಹತ್ತಿರ ಬರುತ್ತಿದ್ದರು. ಹಾಜರಿ ಕಾರ್ಡ್ ಉಜ್ಜುತ್ತಿದ್ದರು. ಮೆಷಿನ್ ಪಕ್ಕ ಕೂರದೆ ರೂಮಿಗೆ ವಾಪಸ್ ಹೋಗುತ್ತಿದ್ದರು. ಕೂಗಾಟ ಇಲ್ಲ, ಕಲ್ಲು ತೂರಾಟ ಇಲ್ಲ. ಕೆಲಸಕ್ಕೆ ಬಂದಿಲ್ಲ ಅಂತ ಹೇಳುವ ಹಾಗೂ ಇಲ್ಲ. ಕಟಿಂಗ್, ಹೊಲಿಗೆ, ಗೋಂದು ಹಚ್ಚಿ ಸೋಲ್ ಅಂಟಿಸುವ ಲೈನ್, ಎಲ್ಲವೂ ಖಾಲಿ. ಸೂಪರ್‌ವೈಸರ್‌ಗಳಲ್ಲೂ ಹಲವರು ಇವರ ಜೊತೆ ನಿಂತರು. ಅವರ ಖಾತೆಯಲ್ಲೂ ಅದೇ ಕೊರತೆ ಇತ್ತಲ್ಲ.

ಯೂನಿಯನ್ ಎಲ್ಲಿತ್ತು ಅಂತ ನೀವು ಕೇಳಬಹುದು. ಚೀನಾದಲ್ಲಿ ಸರ್ಕಾರ ಒಪ್ಪಿದ ಒಂದೇ ಒಕ್ಕೂಟ ಇದೆ, ಅಖಿಲ ಚೀನಾ ಕಾರ್ಮಿಕ ಸಂಘಗಳ ಒಕ್ಕೂಟ. ಅದರ ಹೊರಗೆ ಸಂಘ ಕಟ್ಟುವಂತಿಲ್ಲ. ಮುಷ್ಕರದ ಹಕ್ಕು 1975 ಮತ್ತು 1978ರ ಸಂವಿಧಾನಗಳಲ್ಲಿ ಇತ್ತು, 1982ರಲ್ಲಿ ತೆಗೆದುಹಾಕಿದರು. ಹಾಗಂತ ಮುಷ್ಕರ ಮಾಡಬಾರದು ಅಂತಲೂ ಕಾನೂನು ಹೇಳುವುದಿಲ್ಲ. ಕೆಲಸ ನಿಂತರೆ ಸಂಘ ಕೆಲಸಗಾರರ ಪರವಾಗಿ ಮಾತಾಡಬೇಕು ಅಂತ ಕಾರ್ಮಿಕ ಸಂಘಗಳ ಕಾನೂನಿನ ಆಗಿನ 27ನೇ ಕಲಂನಲ್ಲಿತ್ತು. ಗಾವೊಬುವಿನಲ್ಲಿ ಸಂಘದವರು ಬಂದರು, ಮಧ್ಯಸ್ಥಿಕೆಯ ಮಾತಾಡಿದರು, ಕೆಲಸಕ್ಕೆ ಮರಳಿ ಅಂದರು. ಕೆಲಸಗಾರರು ಅವರನ್ನು ತಮ್ಮವರು ಅಂತ ನೋಡಲಿಲ್ಲ.

ಅವರು ತಮ್ಮವರು ಅಂದುಕೊಂಡಿದ್ದು ಶೆನ್‌ಜೆನ್‌ನ ಚುನ್‌ಫೆಂಗ್ ಎಂಬ ಪುಟ್ಟ ಕಾರ್ಮಿಕ ಸಲಹಾ ಕೇಂದ್ರದವರನ್ನು. ಅದನ್ನು ನಡೆಸುತ್ತಿದ್ದವರು ಜಾಂಗ್ ಜಿರು. ಜೊತೆಗೆ ಲಿನ್ ಡಾಂಗ್ ಇದ್ದರು. ಅವರು ಮಾಡಿದ ಕೆಲಸ ಇಷ್ಟೇ: ಗಲಾಟೆ ಬೇಡ, ನಿಮ್ಮಲ್ಲೇ ಪ್ರತಿನಿಧಿಗಳನ್ನು ಆರಿಸಿ, ಕಂಪನಿ ಜೊತೆ ಕೂತು ಮಾತಾಡಿ ಅಂತ ಹೇಳಿಕೊಟ್ಟರು. ಯಾವ ಕಾರ್ಖಾನೆಗೇ ಆಗಲಿ ಇದಕ್ಕಿಂತ ಒಳ್ಳೆಯ ಸಲಹೆ ಇನ್ನೇನಿದೆ? ಏಪ್ರಿಲ್ 22ರಂದು ಇಬ್ಬರನ್ನೂ ಹಿಡಿದರು. ಜಾಂಗ್ ಅವರನ್ನು ಎರಡು ದಿನಕ್ಕೆ ಬಿಟ್ಟರು. ಲಿನ್ ಒಂದು ತಿಂಗಳು ಒಳಗಿದ್ದರು.

ಇನ್ನು ಯೂರೋಪಿನ ಪಾಲು. ಮುಷ್ಕರ ಎರಡನೇ ವಾರಕ್ಕೆ ಬಂದಾಗ ಅಡಿಡಾಸ್ ಎರಡು ಕೆಲಸ ಮಾಡಿತು. ಮೊದಲನೆಯದು, ಮುಂದಿನ ಆರ್ಡರ್‌ಗಳಲ್ಲಿ ಒಂದಷ್ಟನ್ನು ಗಾವೊಬುವಿನಿಂದ ತೆಗೆದು ಬೇರೆ ಕಾರ್ಖಾನೆಗಳಿಗೆ ಕೊಟ್ಟಿತು. ಎರಡನೆಯದು, ಲಿನ್ ಡಾಂಗ್ ಅವರನ್ನು ಬಿಡಿ ಅಂತ ಡಾಂಗ್‌ಗುವಾನ್ ಮೇಯರ್ ಕಚೇರಿಗೆ ಪತ್ರ ಬರೆಯಿತು.

ಈ ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಬೇಕು. ಪತ್ರ ಬರೆದಿದ್ದು ಸಣ್ಣ ವಿಷಯವಲ್ಲ. ದೊಡ್ಡ ಬ್ರ್ಯಾಂಡ್‌ಗಳು ಸಾಮಾನ್ಯವಾಗಿ ಇಂಥ ಹೊತ್ತಲ್ಲಿ ಬಾಯಿ ಬಿಡುವುದಿಲ್ಲ. ಬಂಧನದಲ್ಲಿದ್ದ ಒಬ್ಬ ಕಾರ್ಮಿಕ ಕಾರ್ಯಕರ್ತನ ಹೆಸರು ಹಿಡಿದು ಚೀನಾದ ಅಧಿಕಾರಿಗಳಿಗೆ ಬರೆದಿದ್ದು ಒಳ್ಳೆಯದೇ. ಅದಕ್ಕೆ ನಾನು ಮೆಚ್ಚುಗೆ ಕೊಡುತ್ತೇನೆ. ಆದರೆ ಆರ್ಡರ್ ಬೇರೆಡೆಗೆ ಹೋಯಿತು ಅನ್ನುವ ಸುದ್ದಿ ಗಾವೊಬುವಿನ ರೂಮುಗಳಿಗೆ ತಲುಪಿದಾಗ ಅದಕ್ಕೆ ಬೇರೆಯದೇ ಅರ್ಥ ಇತ್ತು. ನೀವು ನಿಮ್ಮ ಹಕ್ಕು ಕೇಳಿದಿರಿ, ನಿಮ್ಮ ಕೆಲಸ ಬೇರೆಯವರಿಗೆ ಹೋಯಿತು. ಹಕ್ಕು ಅಂತ ಹೇಳುತ್ತಿರುವುದು ಸುಮ್ನೆ ಅಲ್ಲ. ಕಾನೂನಿನಲ್ಲಿದ್ದದ್ದನ್ನೇ ಅವರು ಕೇಳಿದ್ದು. ಕಾನೂನು ಕೊಡು ಅಂದ ಸವಲತ್ತನ್ನು ಕೊಡಬೇಕು ಅಂತ ಅಡಿಡಾಸ್ ತನ್ನ ಸರಬರಾಜುದಾರರಿಗೆ ಹಾಕಿರುವ ನಿಯಮಾವಳಿಯಲ್ಲೂ ಇದೆ.

ಹಾಗಾದರೆ ಬ್ರ್ಯಾಂಡ್‌ಗಳು ಅಷ್ಟು ವರ್ಷ ಕಾರ್ಖಾನೆಗಳಲ್ಲಿ ಮಾಡಿಸಿದ ಆಡಿಟ್‌ಗಳು ಏನು ನೋಡಿದವು? ಇದಕ್ಕೆ ಉತ್ತರ ಬೇಕಾದರೆ ಸ್ವಲ್ಪ ಹಿಂದೆ ಹೋಗಬೇಕು. 1993ರ ನವೆಂಬರ್ 19ರಂದು ಶೆನ್‌ಜೆನ್‌ನ ಕುಯ್‌ಯೊಂಗ್‌ನಲ್ಲಿ ಜಿಲಿ ಆಟಿಕೆ ಕಾರ್ಖಾನೆಗೆ ಬೆಂಕಿ ಬಿತ್ತು. ಬಾಗಿಲಿಗೆ ಬೀಗ, ಕಿಟಕಿಗೆ ಕಂಬಿ. 87 ಜನ ಸತ್ತರು, ಹೆಚ್ಚಿನವರು ಹರೆಯದ ಹುಡುಗಿಯರು. ಅವರು ಮಾಡುತ್ತಿದ್ದುದು ಇಟಲಿಯ ಆರ್ಟ್ಸಾನಾ ಕಂಪನಿಯ ಚಿಕ್ಕೊ ಆಟಿಕೆಗಳನ್ನು. ಇಟಲಿಯ ಕಾರ್ಮಿಕ ಸಂಘಗಳು, ಹಾಂಗ್‌ಕಾಂಗ್ ಗುಂಪುಗಳು ಬೆನ್ನು ಹತ್ತಿದ ಮೇಲೆ 1997ರಲ್ಲಿ ಆ ಕಂಪನಿ ಪರಿಹಾರಕ್ಕೆ ಒಪ್ಪಿತು. ಬ್ರ್ಯಾಂಡ್‌ಗಳ ನೀತಿಸಂಹಿತೆಗಳು, ಕಾರ್ಖಾನೆ ತಪಾಸಣೆಗಳು ಬೆಳೆದದ್ದು ಇಂಥ ದುರಂತಗಳ ನಡುವೆ. ಹಾಗಾಗಿ ಅವು ಮೊದಲು ನೋಡುವುದು ಕಣ್ಣಿಗೆ ಕಾಣುವುದನ್ನು. ಬಾಗಿಲು ತೆರೆದಿದೆಯಾ, ಬೆಂಕಿ ಆರಿಸುವ ಸಿಲಿಂಡರ್ ಇದೆಯಾ, ಮಕ್ಕಳು ಕೆಲಸ ಮಾಡುತ್ತಿದ್ದಾರಾ, ಓಟಿ ಎಷ್ಟು ಗಂಟೆ. ಇವೆಲ್ಲ ಬೇಕೇ ಬೇಕು. ಆದರೆ ಪಿಂಚಣಿ ಖಾತೆಯಲ್ಲಿ ಕಡಿಮೆ ಬಿದ್ದ 135 ಯುವಾನ್‌ಗೆ ಹೊಗೆ ಇಲ್ಲ, ವಾಸನೆ ಇಲ್ಲ.

ಕಾಣಲೇ ಇಲ್ಲ ಅಂತಲೂ ಅನ್ನುವಂತಿಲ್ಲ. ಚೀನಾದ ಕಾರ್ಖಾನೆಗಳಲ್ಲಿ ವಿಮೆ ಪೂರ್ತಿ ಕಟ್ಟುವುದಿಲ್ಲ ಅನ್ನುವುದು ಆ ವ್ಯಾಪಾರದಲ್ಲಿ ಇದ್ದವರಿಗೆಲ್ಲ ಗೊತ್ತಿತ್ತು. ಸ್ಥಳೀಯ ಸರ್ಕಾರಗಳೂ ಕಣ್ಣು ಮುಚ್ಚಿಕೊಂಡಿದ್ದವು. ಕಾರ್ಖಾನೆ ಬೇರೆ ಊರಿಗೆ ಹೋದರೆ ಅನ್ನುವ ಭಯ ಅವರಿಗೂ ಇತ್ತು. ಪೂರ್ತಿ ಕಟ್ಟಿದರೆ ಒಂದು ಜೊತೆ ಶೂ ಮಾಡುವ ಖರ್ಚು ಏರುತ್ತದೆ. ಅದನ್ನು ಯಾರು ಹೊರಬೇಕು? ಬ್ರ್ಯಾಂಡ್ ಜಾಸ್ತಿ ಬೆಲೆ ಕೊಡಬೇಕು, ಇಲ್ಲವೇ ಕಾರ್ಖಾನೆ ತನ್ನ ಲಾಭ ಬಿಡಬೇಕು. ಇಬ್ಬರೂ ಮುಂದೆ ಬರಲಿಲ್ಲ. ಕೊನೆಗೆ ಅದನ್ನು ಹೊತ್ತವಳು ಹೊಲಿಗೆ ಲೈನಿನ ಹೆಂಗಸು, ತನಗೆ ಗೊತ್ತಿಲ್ಲದ ಹಾಗೆ, ಇಪ್ಪತ್ತು ವರ್ಷ ಆಮೇಲಿನ ಬದುಕಿನಿಂದ. ನನಗೆ ಸಿಟ್ಟು ಬರುವುದು ಇದಕ್ಕೇ.

ಮುಷ್ಕರದ ನಡುವೆಯೇ ಚೀನಾದ ಮಾನವ ಸಂಪನ್ಮೂಲ ಸಚಿವಾಲಯ ಬಹಿರಂಗವಾಗಿ ಒಪ್ಪಿಕೊಂಡಿತು: ಯೂ ಯುವೆನ್ ಸರಿಯಾಗಿ ಕಟ್ಟಿಲ್ಲ, ಸರಿಪಡಿಸಬೇಕು. ಅಂದರೆ ಕೆಲಸಗಾರರು ಹೇಳಿದ್ದು ನಿಜ ಅಂತ ಸರ್ಕಾರವೇ ಹೇಳಿತು. ಆದರೆ ಅದೇ ವಾರ ಅವರಿಗೆ ಸಲಹೆ ಕೊಟ್ಟವರನ್ನು ಹಿಡಿದದ್ದೂ ಅದೇ ಸರ್ಕಾರ.

ಕಂಪನಿ ಕೊಟ್ಟ ಮಾತು ಹೀಗಿತ್ತು. ಮೇ 1ರಿಂದ ಕಾನೂನಿನಂತೆ ವಿಮೆ ಮತ್ತು ಮನೆ ನಿಧಿ ಕಟ್ಟುತ್ತೇವೆ. ತಿಂಗಳಿಗೆ 230 ಯುವಾನ್ ಜೀವನ ಭತ್ಯೆ ಕೊಡುತ್ತೇವೆ. ಹಿಂದಿನ ಬಾಕಿ ಬೇಕಾದವರು ಕೇಳಬಹುದು, ಕೊಡುತ್ತೇವೆ. ಆದರೆ ಕೆಲಸಗಾರರೂ ತಮ್ಮ ಪಾಲಿನ ಬಾಕಿ ಕಟ್ಟಬೇಕು.

ತೊಡಕು ಇದ್ದದ್ದು ಆ ಕೊನೆಯ ಮಾತಿನಲ್ಲಿ. ಮೇಲಿನ ಉದಾಹರಣೆಯ ಹೆಂಗಸನ್ನೇ ತೆಗೆದುಕೊಳ್ಳಿ. ತಿಂಗಳಿಗೆ 135ರಂತೆ ಹತ್ತು ವರ್ಷಕ್ಕೆ 16,200 ಯುವಾನ್. ಹಳೆಯ ವರ್ಷಗಳಲ್ಲಿ ಸಂಬಳ ಕಡಿಮೆ ಇದ್ದುದರಿಂದ ಮೊತ್ತ ಇನ್ನಷ್ಟು ಇಳಿಯಬಹುದು. ಆದರೂ ನಾಲ್ಕೈದು ತಿಂಗಳ ದುಡಿಮೆ. ಅದನ್ನು ಒಟ್ಟಿಗೆ ತಂದು ಕಟ್ಟಬೇಕು, ಆಗ ಮಾತ್ರ ಕಂಪನಿ ತನ್ನ ಪಾಲು ಹಾಕುತ್ತದೆ. ತಪ್ಪು ಮಾಡಿದ್ದು ಕಂಪನಿ. ಸಾಲ ಮಾಡಬೇಕಾದದ್ದು ಅವಳು. ಊರಲ್ಲಿ ಮನೆ ಕಟ್ಟಿಸುತ್ತಿದ್ದವರು, ಮಕ್ಕಳ ಶಾಲೆ ಫೀ ಕಟ್ಟುತ್ತಿದ್ದವರು ಎಲ್ಲಿಂದ ತರಬೇಕು? ಕೆಲಸಗಾರರು ಶೇ 30 ಸಂಬಳ ಏರಿಸಿ ಅಂತಲೂ ಕೇಳಿದ್ದರು. ಅದು ಸಿಗಲಿಲ್ಲ. ವಿಮೆ ಪೂರ್ತಿ ಕಟ್ಟಿದರೆ ತಮ್ಮ ಪಾಲೂ ಏರಿ ಕೈಗೆ ಬರುವ ದುಡ್ಡು ಇಳಿಯುತ್ತದೆ ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. 230 ಯುವಾನ್ ಭತ್ಯೆ ಆ ತೂತು ಮುಚ್ಚಲು ಹಾಕಿದ ತೇಪೆ.

ಏಪ್ರಿಲ್ 28ರ ಹೊತ್ತಿಗೆ ಹೆಚ್ಚಿನವರು ಕೆಲಸಕ್ಕೆ ಮರಳಿದರು. ಮುಷ್ಕರದಿಂದ ನೇರವಾಗಿ ಆದ ನಷ್ಟ ಸುಮಾರು 2.7 ಕೋಟಿ ಡಾಲರ್, ಆ ವರ್ಷ ಹೊಸ ಸವಲತ್ತುಗಳಿಗೆ ಸುಮಾರು 3.1 ಕೋಟಿ ಡಾಲರ್ ಜಾಸ್ತಿ ಖರ್ಚು ಅಂತ ಕಂಪನಿ ಷೇರುಪೇಟೆಗೆ ತಿಳಿಸಿತು. ಈ ಎರಡನೇ ಅಂಕಿಯನ್ನು ಇನ್ನೊಮ್ಮೆ ಓದಿ. ಅದನ್ನೇ ತಿರುಗಿಸಿ ನೋಡಿದರೆ, ಅಲ್ಲಿಯವರೆಗೆ ವರ್ಷ ವರ್ಷ ಕೆಲಸಗಾರರ ಖಾತೆಗೆ ಹೋಗದೆ ಉಳಿಯುತ್ತಿದ್ದ ದುಡ್ಡಿನ ಒಂದು ಸುಳಿವು ನಮಗೆ ಸಿಗುತ್ತದೆ.

ಕತೆ ಗಾವೊಬುವಿನಲ್ಲಿ ನಿಲ್ಲುವುದಿಲ್ಲ. ಮರುವರ್ಷ, 2015ರ ಮಾರ್ಚ್ ಕೊನೆಯಲ್ಲಿ, ಇದೇ ಪೌ ಚೆನ್ ಸಮೂಹಕ್ಕೆ ಸೇರಿದ, ವಿಯೆಟ್ನಾಂನ ಹೋ ಚಿ ಮಿನ್ ನಗರದ ಪೌ ಯುವೆನ್ ಕಾರ್ಖಾನೆಯಲ್ಲಿ ಹತ್ತಾರು ಸಾವಿರ ಜನ ಕೆಲಸ ಬಿಟ್ಟು ಹೊರಬಂದರು. ಅಲ್ಲಿನ ಹೊಸ ಸಾಮಾಜಿಕ ವಿಮೆ ಕಾನೂನಿನ 60ನೇ ಕಲಂ ಪ್ರಕಾರ ಕೆಲಸ ಬಿಟ್ಟಾಗ ವಿಮೆ ದುಡ್ಡನ್ನು ಒಟ್ಟಿಗೆ ತೆಗೆಯುವಂತಿರಲಿಲ್ಲ, ನಿವೃತ್ತಿಯವರೆಗೆ ಕಾಯಬೇಕಿತ್ತು. ಒಂದು ವಾರದಲ್ಲಿ ಸರ್ಕಾರ ಮಣಿಯಿತು. ಜೂನ್‌ನಲ್ಲಿ ಸಂಸತ್ತು ಒಟ್ಟಿಗೆ ತೆಗೆಯಲು ಮತ್ತೆ ಅವಕಾಶ ಕೊಟ್ಟಿತು.

ಅದರ ಮರುವರ್ಷ ಏನಾಯಿತು ಅಂತ ಬೆಂಗಳೂರಿನವರಿಗೆ ನೆನಪಿರಬೇಕು. 2016ರ ಏಪ್ರಿಲ್ 18, 19. ಹೊಸೂರು ರಸ್ತೆ, ತುಮಕೂರು ರಸ್ತೆ ತುಂಬಾ ಗಾರ್ಮೆಂಟ್ಸ್ ಹೆಣ್ಣುಮಕ್ಕಳು. ಪಿಎಫ್‌ನಲ್ಲಿ ಮಾಲೀಕರ ಪಾಲನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಅಂತ ಕೇಂದ್ರ ಸರ್ಕಾರ ಫೆಬ್ರವರಿಯಲ್ಲಿ ಹೊರಡಿಸಿದ್ದ ಆದೇಶ ಅವರನ್ನು ಬೀದಿಗೆ ತಂದಿತ್ತು. ದೊಡ್ಡ ಯೂನಿಯನ್ ಕರೆ ಕೊಟ್ಟಿರಲಿಲ್ಲ. ಒಂದು ಗೇಟಿನಿಂದ ಇನ್ನೊಂದು ಗೇಟಿಗೆ ಮಾತು ಹೋಯಿತು, ಅಷ್ಟೇ. ಲಾಠಿ ಏಟು ಬಿತ್ತು, ಅಶ್ರುವಾಯು ಸಿಡಿಸಿದರು, ಬಸ್ಸುಗಳು ಸುಟ್ಟವು. ಎರಡನೇ ದಿನವೇ ಆದೇಶ ವಾಪಸ್ ಆಯಿತು.

ಗಾವೊಬುವಿನವರು ಪೂರ್ತಿ ಕಟ್ಟಿ ಅಂದರು. ವಿಯೆಟ್ನಾಂನವರು, ನಮ್ಮವರು ಕಟ್ಟಿದ್ದನ್ನು ತೆಗೆಯಲು ಬಿಡಿ ಅಂದರು. ಮೇಲ್ನೋಟಕ್ಕೆ ಎರಡೂ ಉಲ್ಟಾ. ಆದರೆ ಒಳಗಿನ ಮಾತು ಒಂದೇ ಅಲ್ವಾ? ಮೈಯಲ್ಲಿ ಶಕ್ತಿ ಇರುವವರೆಗೆ ಈ ಲೈನ್ ನಮ್ಮನ್ನು ಇಟ್ಟುಕೊಳ್ಳುತ್ತದೆ, ಆಮೇಲೆ ಏನು? ಮೂರೂ ಕಡೆ ಹೊಲಿದ ಮಾಲು ಯೂರೋಪ್, ಅಮೆರಿಕದ ಅಂಗಡಿಗಳಿಗೆ ಹೋಗುತ್ತಿತ್ತು.

ಯೂರೋಪಿನಲ್ಲಿ ಆಮೇಲೆ ಕಾನೂನುಗಳು ಬಂದವು. ಫ್ರಾನ್ಸ್ 2017ರಲ್ಲಿ ಮಾಡಿತು. ಜರ್ಮನಿಯ ಸರಬರಾಜು ಸರಪಳಿ ಕಾನೂನು 2023ರ ಜನವರಿ 1ರಿಂದ ಜಾರಿಗೆ ಬಂತು. ಬೇರೆ ದೇಶದ ಕಾರ್ಖಾನೆಯಲ್ಲಿ ಕಾರ್ಮಿಕರ ಹಕ್ಕಿಗೆ ಧಕ್ಕೆ ಬಂದರೆ ಗೊತ್ತಿರಲಿಲ್ಲ ಅಂತ ಕಂಪನಿ ಕೈ ತೊಳೆದುಕೊಳ್ಳುವಂತಿಲ್ಲ ಅನ್ನುವುದು ಅದರ ಸಾರ. 2024ರಲ್ಲಿ ಯೂರೋಪಿಯನ್ ಒಕ್ಕೂಟವೂ ಅಂಥದ್ದೇ ನಿರ್ದೇಶನ ತಂದಿತು. 2025ರಲ್ಲಿ ಅದರ ಜಾರಿಯ ದಿನವನ್ನು ಮುಂದಕ್ಕೆ ಹಾಕಿದರು. ಇಂಥ ಕಾನೂನಿಗೆ ಬಲ ಬರಬೇಕಾದರೆ ಕಾರ್ಖಾನೆಯ ಒಳಗಿನಿಂದ ದೂರು ಬರಬೇಕು. ದೂರು ಬರೆಯಲು ಸಹಾಯ ಮಾಡುವವರು ಬೇಕು. ಚೀನಾದಲ್ಲಿ ಅಂಥವರು ಈಗ ಬಲು ಕಡಿಮೆ. ಜಾಂಗ್ ಜಿರು ಅವರನ್ನು 2019ರ ಜನವರಿಯಲ್ಲಿ ಮತ್ತೆ ಬಂಧಿಸಿದರು. ಜೊತೆಗೆ ಬೇರೆ ಕಾರ್ಯಕರ್ತರನ್ನೂ ಹಿಡಿದರು. 2020ರಲ್ಲಿ ಅವರಿಗೆ ಶಿಕ್ಷೆ ಆಯಿತು, ಆದರೆ ಅದನ್ನು ಅಮಾನತಿನಲ್ಲಿಟ್ಟರು. ಇಂಥ ಮುಷ್ಕರಗಳನ್ನು ಒಂದೊಂದಾಗಿ ದಾಖಲಿಸುತ್ತಿದ್ದ ಹಾಂಗ್‌ಕಾಂಗ್‌ನ ಚೈನಾ ಲೇಬರ್ ಬುಲೆಟಿನ್ ಸಂಸ್ಥೆ 2025ರ ಜೂನ್‌ನಲ್ಲಿ ಮುಚ್ಚಿತು.

ಚೀನಾದ ಒಳಗಿನ ಕಾನೂನು ಮಾತ್ರ ಒಂದು ಹೆಜ್ಜೆ ಮುಂದೆ ಬಂದಿದೆ. ವಿಮೆ ಬೇಡ ಅಂತ ಕೆಲಸಗಾರರಿಂದ ಬರೆಸಿಕೊಂಡ ಒಪ್ಪಂದಕ್ಕೆ ಬೆಲೆ ಇಲ್ಲ ಅಂತ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿದ್ದು 2025ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿದೆ. ಅದೇ ವರ್ಷದ ಜನವರಿಯಿಂದ ನಿವೃತ್ತಿ ವಯಸ್ಸು ಸ್ವಲ್ಪ ಸ್ವಲ್ಪವಾಗಿ ಏರುತ್ತಿದೆ. ಕಾರ್ಖಾನೆಯ ಹೆಣ್ಣುಮಕ್ಕಳಿಗೆ 50 ಇದ್ದದ್ದು 55ರತ್ತ ಹೋಗುತ್ತಿದೆ. ಪಿಂಚಣಿಗೆ ಕಟ್ಟಬೇಕಾದ ಕನಿಷ್ಠ ವರ್ಷಗಳೂ 2030ರಿಂದ 15 ದಾಟಿ 20ರತ್ತ ಏರಲಿವೆ.

1995ರಲ್ಲಿ ಇಪ್ಪತ್ತರ ಹರೆಯದಲ್ಲಿ ಗಾವೊಬುವಿಗೆ ಬಂದ ಹುಡುಗಿಗೆ 2025ಕ್ಕೆ ಐವತ್ತು ತುಂಬಿತು. ಅಲ್ಲೇ ಉಳಿದಿದ್ದರೆ ಅವಳ ಪಿಂಚಣಿ ಖಾತೆಯಲ್ಲಿ 2014ರ ಮೇ ತಿಂಗಳಿಂದ ಈಚೆಗೆ ಒಂದು ಲೆಕ್ಕ ಇರುತ್ತದೆ. ಅದಕ್ಕೂ ಹಿಂದಿನ ವರ್ಷಗಳಿಗೆ, ತನ್ನ ಪಾಲಿನ ಬಾಕಿ ಕಟ್ಟಲು ದುಡ್ಡು ಹೊಂದಿಸಲಾಗದೆ ಹೋಗಿದ್ದರೆ, ಆ ಹಳೆಯ ಲೆಕ್ಕವೇ.